ಕೆಜಿಎಫ್ ಕೇಜ್‌ನ ಸಾಲಿಂದ ನಿಮ್ಮ ಬ್ರೌಸರ್‌ವರೆಗೆ: ಕಾಯೋದನ್ನ ಲೆಕ್ಕ ಹಾಕಿದವರ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಪಠ್ಯರೂಪ)

ಇಯರ್‌ಫೋನ್ ಹಾಕ್ಕೊಂಡು ಎಲ್ಲೋ ಒಂದು ಸಾಲಲ್ಲಿ ನಿಂತಿದ್ದೀರಾ? ಹಾಗಿದ್ರೆ ಇವತ್ತಿನ ಎಪಿಸೋಡ್ ನಿಮಗೇ.

ನಾನು ಬಂಗಾರಪೇಟೆಯವನು. ಬಿ.ಕಾಂ. ಮುಗಿಸಿ ಮೂರು ವರ್ಷ ಬೆಂಗಳೂರಿನ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತಿದ್ದೆ. ದಿನಾ ಟ್ರೇನು. ಮಾರಿಕುಪ್ಪಂನಲ್ಲಿ ಹೊರಟ ಗಾಡಿ ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರೋ ಹೊತ್ತಿಗೆ ಸೀಟೆಲ್ಲ ಭರ್ತಿ. ನಮ್ಮೂರಿನವರಿಗೆ ಸಿಗೋದು ಬಾಗಿಲು, ಇಲ್ಲಾ ಮೇಲಿನ ಹಿಡಿ. ಹಾಗೆ ನೇತಾಡ್ತಾ ಇದ್ದಾಗಲೇ ಒಂದು ದಿನ, ವೈಟ್‌ಫೀಲ್ಡ್‌ನಲ್ಲಿ ಕೋಡಿಂಗ್ ಕೆಲಸ ಮಾಡೋ ಗೆಳೆಯ ತನ್ನ ಫೋನ್ ತೋರಿಸಿದ.

ಸ್ಕ್ರೀನ್ ಮೇಲೆ ಒಂದಷ್ಟು ವೃತ್ತಗಳು, ಅವುಗಳ ಮಧ್ಯೆ ಬಾಣಗಳು. ಒಂದು ವೃತ್ತದಲ್ಲಿ "ಟ್ರೇನ್ ಬಂತು". ಇನ್ನೊಂದರಲ್ಲಿ "ಜನ ಹತ್ತಿದ್ರು". ಮತ್ತೊಂದರಲ್ಲಿ "ಹೊರಟ್ತು". ಹಿಂದೆ ಓಡ್ತಿದ್ದದ್ದು ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. ರನ್ ಒತ್ತಿದ. ಕಣ್ಣು ಮಿಟುಕಿಸೋದ್ರೊಳಗೆ ಒಂದು ತಿಂಗಳ ಬೆಳಗುಗಳೆಲ್ಲ ಮುಗಿದುಹೋದವು.

"ಅಷ್ಟು ಟೈಮ್ ಎಲ್ಲಿ ಹೋಯ್ತೋ?" ಅಂದೆ.

"ಟ್ರೇನ್ ಬರೋಕೂ ಹೊರಡೋಕೂ ಮಧ್ಯೆ ಏನೂ ಆಗಲ್ವಲ್ಲ ಮಾರಾಯ. ಏನೂ ಆಗದ ಟೈಮನ್ನ ಇದು ಹಾರಿಸಿಬಿಡುತ್ತೆ" ಅಂದ.

ಮನೆಗೆ ಬಂದು ಅಜ್ಜಿಗೆ ಇದನ್ನ ಹೇಳಿದೆ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜ್ ಹತ್ತಿರ ಗಂಟೆ ಹೊಡೆಯೋ ಕೆಲಸದಲ್ಲಿದ್ದವರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಧ್ಯದಲ್ಲಿ ಏನೂ ಆಗಲ್ವಂತಾ?" ಅಂತ ಕೇಳಿದ್ರು.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ.

ಜಿಗಿಯೋ ಗಡಿಯಾರ

ಈ ವಿದ್ಯೆಗೆ ಡಿಸ್ಕ್ರೀಟ್ ಇವೆಂಟ್ ಸಿಮ್ಯುಲೇಷನ್ ಅಂತ ಹೆಸರು. ಹೆಸರು ಕೇಳಿ ಗಾಬರಿಯಾಗಬೇಡಿ. ನನ್ನ ಹಾಗೆ ಕಾಮರ್ಸ್ ಓದಿದವರಿಗೆ ಇದು ತುಂಬ ಹತ್ತಿರದ್ದು. ಯಾವ ಬಿಲ್ಲಿನ ದುಡ್ಡು ಯಾವತ್ತು ಬರಬೇಕು ಅಂತ ತಾರೀಖಿನ ಪ್ರಕಾರ ಬರೆದಿಟ್ಟಿರೋ ಡೈರಿ ಇರುತ್ತಲ್ಲ, ಅದನ್ನೇ ನೆನೆಸ್ಕೊಳ್ಳಿ. ಈ ಪ್ರೋಗ್ರಾಂ ಒಳಗಡೆ ಅಂಥದ್ದೇ ಒಂದು ಪಟ್ಟಿ ಇರುತ್ತೆ. ಮುಂದೆ ಆಗಬೇಕಾದ ಘಟನೆಗಳೆಲ್ಲ ಟೈಮಿನ ಪ್ರಕಾರ ಅದರಲ್ಲಿ ಸಾಲಾಗಿ ಕೂತಿರುತ್ತವೆ. ಪ್ರೋಗ್ರಾಂ ಮಾಡೋದು ಇಷ್ಟೇ: ಎಲ್ಲಕ್ಕಿಂತ ಮುಂಚಿನ ಘಟನೆಯನ್ನ ತೆಗಿ, ಗಡಿಯಾರವನ್ನ ನೇರವಾಗಿ ಆ ಟೈಮಿಗೆ ತಿರುಗಿಸು, ಘಟನೆ ನಡೆಸು. ಅದರಿಂದ ಹೊಸ ಘಟನೆ ಹುಟ್ಟಿದ್ರೆ ಪಟ್ಟಿಗೆ ಸೇರಿಸು. ಪಟ್ಟಿ ಖಾಲಿಯಾಗೋವರೆಗೆ, ಇಲ್ಲಾ ನಾವು ನಿಲ್ಲಿಸು ಅನ್ನೋವರೆಗೆ ಇದೇ ಕೆಲಸ.

ಜಾವಾಸ್ಕ್ರಿಪ್ಟ್ ಗೊತ್ತಿರೋರು ಇಲ್ಲೇ ಮೊದಲು ಎಡವೋದು. "ಎಂಟು ನಿಮಿಷ ಆದ್ಮೇಲೆ ಇದನ್ನ ಮಾಡು" ಅಂತ ಹೇಳೋಕೆ ಸೆಟ್‌ಟೈಮ್‌ಔಟ್ ಇದೆಯಲ್ಲ ಅಂತ ಅದನ್ನ ಹಾಕ್ತಾರೆ. ಆಗ ಬ್ರೌಸರ್ ನಿಜವಾಗ್ಲೂ ಎಂಟು ನಿಮಿಷ ಕಾಯುತ್ತೆ! ಸಿಮ್ಯುಲೇಷನ್‌ಗೆ ಗೋಡೆ ಮೇಲಿನ ಗಡಿಯಾರ ಬೇಡ, ತನ್ನದೇ ಸ್ವಂತ ಗಡಿಯಾರ ಬೇಕು. ಈ ಗಡಿಯಾರ, ಘಟನೆಗಳ ಪಟ್ಟಿ, ಸಾಲು ಇವನ್ನೆಲ್ಲ ರೆಡಿಯಾಗಿ ಕೊಡೋದೇ ಲೈಬ್ರರಿ ಕೆಲಸ. ಉದಾಹರಣೆಗೆ ಸಿಮ್ ಡಾಟ್ ಜೆಎಸ್ ಅಂತ ಒಂದು ಇದೆ. ಅದರಲ್ಲಿ ಜನ ಸಾಲು ನಿಂತು ಸೇವೆ ಪಡೆಯೋ ಜಾಗಕ್ಕೆ ಫೆಸಿಲಿಟಿ ಅಂತಾರೆ. ಅಳತೆಯಲ್ಲಿ ತುಂಬೋ, ಖಾಲಿಯಾಗೋ ವಸ್ತುವಿಗೆ ಬಫರ್. ಬೇರೆ ಬೇರೆ ಗುರುತಿರೋ ವಸ್ತುಗಳನ್ನ ಇಡೋ ಜಾಗಕ್ಕೆ ಸ್ಟೋರ್. ನಮ್ಮ ಟಿಕೆಟ್ ಕೌಂಟರ್ ಒಂದು ಫೆಸಿಲಿಟಿ, ನೀರಿನ ಟ್ಯಾಂಕ್ ಒಂದು ಬಫರ್. ಅಷ್ಟೇ.

ಈಗ ತಾತನ ಕೇಜ್‌ಗೆ ಬರೋಣ. ಕೇಜ್ ಅಂದ್ರೆ ಗಣಿ ಬಾವಿಯೊಳಗೆ ಜನರನ್ನ ಇಳಿಸೋ ಕಬ್ಬಿಣದ ಪಂಜರ. ಈಗ ಹೇಳೋ ಅಂಕಿ ಗಣಿಯ ದಾಖಲೆಯದ್ದಲ್ಲ, ಲೆಕ್ಕಕ್ಕೆ ಸುಮ್ಮನೆ ಹಿಡಿದದ್ದು. ಬೆಳಗ್ಗೆ 6 ಗಂಟೆಗೆ 300 ಜನ ಸಾಲಲ್ಲಿ ನಿಂತಿದ್ದಾರೆ ಅನ್ಕೊಳ್ಳಿ. ಕೇಜ್ ಒಂದು ಸಲಕ್ಕೆ 30 ಜನರನ್ನ ಒಯ್ಯುತ್ತೆ. ಹೋಗಿ ವಾಪಸ್ ಬರೋಕೆ 8 ನಿಮಿಷ. ಅಲ್ಲಿಗೆ 10 ಟ್ರಿಪ್. ಮೊದಲ ಟ್ರಿಪ್ಪಿನವರು ಕಾಯೋದೇ ಇಲ್ಲ. ಕೊನೇ ಟ್ರಿಪ್ಪಿನವರು 72 ನಿಮಿಷ ಕಾಯ್ತಾರೆ. ಸರಾಸರಿ 36 ನಿಮಿಷ. 300 ಜನರದ್ದು ಕೂಡಿಸಿದ್ರೆ 180 ಗಂಟೆ. ಒಂದೇ ಬೆಳಗ್ಗೆಗೆ!

ಈಗ ಒಂದೇ ಒಂದು ಬದಲಾವಣೆ. ಅರ್ಧ ಜನ 6 ಗಂಟೆಗೆ ಬರಲಿ, ಉಳಿದ ಅರ್ಧ 6:40ಕ್ಕೆ ಬರಲಿ. ಕೇಜ್ ಅದೇ, ಟ್ರಿಪ್ ಅಷ್ಟೇ, ಒಂದು ಪೈಸೆ ಖರ್ಚಿಲ್ಲ. ಕೊನೇ ಟ್ರಿಪ್ ಇಳಿಯೋ ಟೈಮೂ ಅದೇ. ಆದ್ರೆ ಸರಾಸರಿ ಕಾಯುವಿಕೆ 16 ನಿಮಿಷಕ್ಕೆ ಇಳಿಯುತ್ತೆ. 180 ಗಂಟೆ ಇದ್ದದ್ದು 80 ಆಗುತ್ತೆ. ಮಿಕ್ಕ 100 ಗಂಟೆ ಯಾರದ್ದೋ ನಿದ್ದೆ, ಯಾರದ್ದೋ ತಿಂಡಿ, ಯಾರೋ ಮಗಳನ್ನ ಸ್ಕೂಲಿಗೆ ಬಿಡೋ ಹೊತ್ತು.

ಇಷ್ಟನ್ನ ಪೆನ್ನು ಪೇಪರ್‌ನಲ್ಲೇ ಮಾಡಬಹುದು. ಆದ್ರೆ ಕೇಜ್ ಒಂದಿನ ಕೆಟ್ಟರೆ? ಒಂದು ಟ್ರಿಪ್ 8 ನಿಮಿಷ, ಇನ್ನೊಂದು 11 ಆದ್ರೆ? ಜನ ಒಟ್ಟಿಗೆ ಬರದೆ ಒಬ್ಬೊಬ್ಬರೇ ಬಂದ್ರೆ? ಕೆಳಗೆ ಇಳಿದ ಮೇಲೆ ಇನ್ನೊಂದು ಸಾಲು ಇದ್ರೆ? ಅಲ್ಲಿಗೆ ಪೇಪರ್ ಕೈ ಎತ್ತಿಬಿಡುತ್ತೆ, ಕಂಪ್ಯೂಟರ್ ಬೇಕಾಗುತ್ತೆ. ಚಾಂಪಿಯನ್ ರೀಫ್‌ನಲ್ಲಿ ಇದ್ದದ್ದು ಹಾಗೇನೇ. ಆ ಗಣಿ 3 ಕಿಲೋಮೀಟರ್‌ಗೂ ಆಳ. ಒಂದೇ ಕೇಜ್‌ನಲ್ಲಿ ತಳ ಮುಟ್ಟೋಕೆ ಆಗ್ತಿರಲಿಲ್ಲ. ಗಿಫರ್ಡ್ ಶಾಫ್ಟ್‌ನಲ್ಲಿ ಸುಮಾರು 2 ಕಿಲೋಮೀಟರ್ ಇಳಿದು, ಒಳಗೆ ನಡೆದು, ಇನ್ನೊಂದು ಬಾವಿಯ ಕೇಜ್ ಹಿಡೀಬೇಕಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟ್ತಿತ್ತು. ಒಂದು ಸಾಲಿನ ಕೊನೆ ಇನ್ನೊಂದು ಸಾಲಿನ ಶುರು.

ಗಂಟೆ ಸದ್ದಿನ ಮೇಲೆ ನಡೆದ ಊರು

ಕೆಜಿಎಫ್ ಕಥೆ ನಿಮಗೆ ಸಿನಿಮಾದಿಂದ ಗೊತ್ತಿರಬಹುದು. ನಿಜವಾದ್ದನ್ನ ನಾಲ್ಕು ಮಾತಲ್ಲಿ ಹೇಳ್ತೀನಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ನಮ್ಮ ಬಂಗಾರಪೇಟೆಗೆ ಆಗ, ಹಿಂದೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಅಂತಿದ್ರು. 1890ರ ದಶಕದಲ್ಲಿ ಇಲ್ಲಿಂದ ಗಣಿಗೆ ರೈಲು ಹೋಯ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ತಂದ್ರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ.

ನನಗೆ ಇದರಲ್ಲೆಲ್ಲ ಹೆಚ್ಚು ಹಿಡಿಸಿದ್ದು ಆ ಗಂಟೆ. ಕೇಜ್‌ನ ಹಗ್ಗ ಸುತ್ತೋ ಯಂತ್ರದವನಿಗೆ ಬಾವಿಯೊಳಗೆ ಏನಾಗ್ತಿದೆ ಅಂತ ಕಾಣಲ್ಲ. ಅವನಿಗೆ ಕೇಳೋದು ಗಂಟೆ ಮಾತ್ರ. ಎಷ್ಟು ಸಲ ಹೊಡೆದ್ರೆ ಏನು ಅರ್ಥ ಅನ್ನೋದು ಮೊದಲೇ ಗೊತ್ತು: ನಿಲ್ಲಿಸು, ಎತ್ತು, ಇಳಿಸು, ಜನ ಇದ್ದಾರೆ ಹುಷಾರು. ಗಂಟೆಗೂ ಗಂಟೆಗೂ ಮಧ್ಯೆ ಅವನ ಪಾಲಿಗೆ ಬರೀ ನಿಶ್ಶಬ್ದ. ಒಂದು ಘಟನೆ, ಅದಕ್ಕೆ ಉತ್ತರ, ಮುಂದಿನ ಘಟನೆ. ನನ್ನ ಗೆಳೆಯನ ಫೋನಿನಲ್ಲಿದ್ದ ವೃತ್ತ, ಬಾಣಗಳನ್ನ ತಾತ ಕೈಯಲ್ಲೇ ಹೊಡೀತಿದ್ರು ಅಂತ ಅನ್ನಿಸ್ತು.

ಆದ್ರೆ ಅದನ್ನ ಹಾಳೆ ಮೇಲೆ ಬರೆದು, "ಹೀಗೆ ಮಾಡಿದ್ರೆ ಏನಾಗುತ್ತೆ" ಅಂತ ಮೊದಲೇ ಓಡಿಸಿ ನೋಡೋ ಭಾಷೆ ಕೆಜಿಎಫ್‌ನ ಮೊದಲ 75 ವರ್ಷ ಲೋಕದಲ್ಲೇ ಇರಲಿಲ್ಲ. ಹೊಸದೇನಾದ್ರೂ ಪ್ರಯತ್ನ ಮಾಡ್ಬೇಕು ಅಂದ್ರೆ ಜೀವಂತ ಮನುಷ್ಯರ ಮೇಲೇ ಮಾಡ್ಬೇಕಿತ್ತು.

ಉಕ್ಕು, ಷೇರು, ಹಡಗು

ಸಾಲಿನ ಗಣಿತ ಶುರು ಮಾಡಿದ್ದು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದವರು. ಕಾಲ್‌ಗಳು ಹೇಗೆ ಬರ್ತವೆ ಅನ್ನೋದನ್ನ 1909ರಲ್ಲಿ ಲೆಕ್ಕ ಮಾಡಿ ಪ್ರಕಟಿಸಿದ್ರು. ಮುಂದಿನ ದೊಡ್ಡ ಹೆಜ್ಜೆ ಇಂಗ್ಲೆಂಡಿನ ಶೆಫೀಲ್ಡ್‌ನದ್ದು. ಅಲ್ಲಿನ ಯುನೈಟೆಡ್ ಸ್ಟೀಲ್ ಕಂಪನಿಯಲ್ಲಿದ್ದ ಕೀತ್ ಟೋಚರ್ 1950ರ ದಶಕದ ಕೊನೆಯಲ್ಲಿ, ಇಡೀ ಉಕ್ಕಿನ ಕಾರ್ಖಾನೆಯನ್ನೇ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡೋ ಪ್ರೋಗ್ರಾಂ ಬರೆದ್ರು. ಕುಲುಮೆ ಖಾಲಿ ಇದೆಯಾ, ಕ್ರೇನ್ ಎಲ್ಲಿದೆ, ಯಾರು ಯಾರಿಗೆ ಕಾಯ್ತಿದ್ದಾರೆ ಅನ್ನೋದೇ ಅದರ ಪ್ರಶ್ನೆ.

ಆಮೇಲೆ ಒಂದರ ಹಿಂದೊಂದು. 1961ರಲ್ಲಿ ಐಬಿಎಂನ ಜೆಫ್ರಿ ಗಾರ್ಡನ್ ಜಿಪಿಎಸ್‌ಎಸ್ ತಂದ್ರು. ಕೋಡ್ ಬರೆಯೋ ಬದಲು ಚೌಕಗಳ ಚಿತ್ರ ಜೋಡಿಸಿದ್ರೆ ಆಯ್ತು. ಅದೇ 1961ರಲ್ಲಿ ಅಮೆರಿಕದ ಕೊಲರಾಡೋದ ಕ್ಲೈಮ್ಯಾಕ್ಸ್ ಅನ್ನೋ ಮಾಲಿಬ್ಡಿನಂ ಗಣಿಯ ಬಗ್ಗೆ ಒಂದು ಲೇಖನ ಬಂತು. ಸುರಂಗದ ಒಳಗೆ ಅದಿರು ಸಾಗಿಸೋಕೆ ಎಷ್ಟು ಟ್ರೇನ್ ಇದ್ರೆ ಸರಿ? ಕಮ್ಮಿ ಇದ್ರೆ ಅದಿರು ಕಾಯುತ್ತೆ, ಜಾಸ್ತಿ ಇದ್ರೆ ಟ್ರೇನುಗಳೇ ಒಂದಕ್ಕೊಂದು ಅಡ್ಡ ಬಂದು ಕಾಯ್ತವೆ. ಗಣಿಯನ್ನ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಕಾಮರ್ಸಿನವರೇ, ಈಗ ಕಿವಿ ಕೊಡಿ. ಹ್ಯಾರಿ ಮಾರ್ಕೋವಿಟ್ಜ್ ಹೆಸರು ನೆನಪಿದೆಯಾ? ಫೈನಾನ್ಸ್ ಪೇಪರಿನಲ್ಲಿ ಪೋರ್ಟ್‌ಫೋಲಿಯೋ ಥಿಯರಿ ಅಂತ ಓದಿದ್ವಲ್ಲ, 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. ಅವರೇ 1960ರ ದಶಕದ ಆರಂಭದಲ್ಲಿ ರ‍್ಯಾಂಡ್ ಸಂಸ್ಥೆಯಲ್ಲಿದ್ದು ಸಿಮ್‌ಸ್ಕ್ರಿಪ್ಟ್ ಅನ್ನೋ ಸಿಮ್ಯುಲೇಷನ್ ಭಾಷೆ ಮಾಡಿದವರಲ್ಲಿ ಮುಖ್ಯರು. ನಾನು ಇದನ್ನ ಓದಿದ ದಿನ, ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಹೆಸರಿಗೆ ಮೊದಲ ಸಲ ಮುಖ ಬಂದ ಹಾಗಾಯ್ತು.

ಇವೆಲ್ಲಕ್ಕಿಂತ ದೂರ ಹೋದದ್ದು ನಾರ್ವೆಯದ್ದು. ಓಸ್ಲೋದಲ್ಲಿ ಕ್ರಿಸ್ಟನ್ ನ್ಯೂಗೋರ್ ಮತ್ತು ಓಲೆ ಯೋಹಾನ್ ಡಾಲ್ ಸಿಮುಲಾ ಅನ್ನೋ ಭಾಷೆ ಕಟ್ಟಿದ್ರು. ಬಂದರಿಗೆ ಬರೋ ಹಡಗು, ಬ್ಯಾಂಕಿಗೆ ಬರೋ ಗಿರಾಕಿ, ಕಾರ್ಖಾನೆಯ ಯಂತ್ರ, ಪ್ರತಿಯೊಂದನ್ನೂ ಅದರದ್ದೇ ಗುಣ, ಅದರದ್ದೇ ನಡವಳಿಕೆ ಇರೋ ಒಂದು ಘಟಕ ಅಂತ ಬರೆದ್ರೆ ಸಿಮ್ಯುಲೇಷನ್ ಸುಲಭ ಆಗುತ್ತಲ್ಲ ಅಂತ ಅವರಿಗೆ ಹೊಳೀತು. ಸಿಮುಲಾ 67ರಲ್ಲಿ ಆ ಯೋಚನೆಗೆ ಕ್ಲಾಸ್, ಆಬ್ಜೆಕ್ಟ್ ಅಂತ ರೂಪ ಬಂತು. ಹೌದು, ನಿಮ್ಮ ಇಂಟರ್ವ್ಯೂಗಳಲ್ಲಿ ಕೇಳ್ತಾರಲ್ಲ, ಅದೇ! ಸಿ ಪ್ಲಸ್ ಪ್ಲಸ್ ಅಲ್ಲಿಂದ ಸ್ಫೂರ್ತಿ ಪಡೀತು. ಸ್ಮಾಲ್‌ಟಾಕ್, ಸೆಲ್ಫ್ ಅನ್ನೋ ಭಾಷೆಗಳ ದಾರಿಯಲ್ಲಿ ಅದರ ಅಂಶ ಜಾವಾಸ್ಕ್ರಿಪ್ಟ್‌ಗೂ ಬಂತು. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದ್ರು. ಅದಕ್ಕೆ ಕ್ಲಾಸ್ ಅನ್ನೋ ಪದ ಸೇರಿದ್ದು 2015ರಲ್ಲಿ. ಅಂದ್ರೆ ಇವತ್ತು ಬ್ರೌಸರ್‌ನಲ್ಲಿ ಸಿಮ್ಯುಲೇಷನ್ ಬರೆಯೋನು, ಸಿಮ್ಯುಲೇಷನ್‌ಗಾಗಿಯೇ ಹುಟ್ಟಿದ ಯೋಚನೆಯನ್ನ ತವರಿಗೆ ಕರ್ಕೊಂಡು ಬಂದ ಹಾಗೆ.

ಆ ವೃತ್ತ, ಬಾಣಗಳಿಗೂ ಒಬ್ಬರು ಯಜಮಾನರಿದ್ದಾರೆ. ಲೀ ಶ್ರೂಬೆನ್ ಅಂತ. 1983ರಲ್ಲಿ ಅವರು ಇವೆಂಟ್ ಗ್ರಾಫ್ ಅನ್ನೋ ಪದ್ಧತಿ ಮುಂದಿಟ್ರು. ವೃತ್ತ ಅಂದ್ರೆ ಘಟನೆ. ಬಾಣ ಅಂದ್ರೆ "ಇದು ಆದ್ರೆ, ಅದು ಆಗುತ್ತೆ". ಬಾಣದ ಮೇಲೆ ಎರಡು ವಿಷಯ ಬರೀಬಹುದು: ಯಾವ ಷರತ್ತಿನ ಮೇಲೆ, ಎಷ್ಟು ಹೊತ್ತಾದ ಮೇಲೆ. "ಆಳು ಬಂದ" ವೃತ್ತದಿಂದ "ಕೇಜ್ ಹತ್ತಿದ" ವೃತ್ತಕ್ಕೆ ಒಂದು ಬಾಣ. ಷರತ್ತು: ಕೇಜ್‌ನಲ್ಲಿ ಜಾಗ ಇದ್ರೆ ಮಾತ್ರ. ಒಂದು ಹಾಳೆಯಲ್ಲಿ ಇಡೀ ಗಣಿ.

ಪಟ್ಟಿಯಲ್ಲಿ ಇಲ್ಲದ ಘಟನೆ

ಅಜ್ಜಿ ಪ್ರಶ್ನೆ ಇಲ್ಲೇ ಚುಚ್ಚೋದು. ಕೆಜಿಎಫ್‌ನಲ್ಲಿ ಯಾರೂ ಟೈಮ್ ಬರೆದಿಡೋಕೆ ಆಗದ ಒಂದು ಘಟನೆ ಇತ್ತು. ಬಂಡೆ ಸಿಡಿಯೋದು. ಅಷ್ಟು ಆಳದಲ್ಲಿ ಮೇಲಿನ ಭಾರ ತಡೀಲಾರದೆ ಕಲ್ಲು ಒಮ್ಮೆಲೇ ಸ್ಫೋಟ ಆದ ಹಾಗೆ ಒಡೀತಿತ್ತು. ಮೇಲೆ ಊರಲ್ಲಿ ನೆಲ ಅದುರೋದು, ಪಾತ್ರೆ ಬೀಳೋದು. ಕೆಲವು ಸಲ ಒಂದು ಸಿಡಿತ ಇನ್ನೊಂದನ್ನ ಎಬ್ಬಿಸಿ, ಒಂದೇ ಜಾಗದಲ್ಲಿ ದಿನಗಟ್ಟಲೆ ನಡೀತಿದ್ದದ್ದೂ ಉಂಟು. ಬಾಣ ಒಂದು ವೃತ್ತದಿಂದ ಹೊರಟು ಅದೇ ವೃತ್ತಕ್ಕೆ ವಾಪಸ್ ಬಂದ ಹಾಗೆ. 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಈ ನಡುಕ ಅಳೆಯೋ ಯಂತ್ರಗಳ ಜಾಲ ಬಂತು. 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಶುರುವಾಯ್ತು.

ಅಜ್ಜಿ ಹೇಳಿದ್ದು ಇದು: "ನೆಲ ಅದುರಿದ ತಕ್ಷಣ ಒಲೆ ಮೇಲಿದ್ದದ್ದನ್ನ ಹಾಗೇ ಬಿಟ್ಟು ಎಲ್ಲಾ ಹೆಂಗಸ್ರೂ ಬಾವಿ ಹತ್ರ ಓಡ್ತಿದ್ವಿ ಕಣಪ್ಪ. ಕೇಜ್ ಬರೋದು, ಬಾಗಿಲು ತೆಗೆಯೋರು, ಯಾರ್ ಯಾರು ಅಂತ ನೋಡೋದು. ನಿಮ್ಮ ತಾತ ಇಲ್ದೇ ಇದ್ರೆ ಮುಂದಿನ ಕೇಜ್‌ಗೆ ಕಾಯೋದು."

ಸಿಮ್ಯುಲೇಷನ್‌ನಲ್ಲಿ ಇದು ಒಂದು ಸಾಲು: ಕೇಜ್ ಮೇಲೆ ಬಂತು. ಅದರ ಮುಂದಿನ ಸಾಲು: ಕೇಜ್ ಮೇಲೆ ಬಂತು. ಮಧ್ಯದ ಎಂಟು ನಿಮಿಷ ಗಡಿಯಾರ ಹಾರಿಸಿಬಿಟ್ಟಿದೆ.

ಹಾಗಂತ ಈ ವಿದ್ಯೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗಡಿಯಾರ ಜಿಗಿದ್ರೂ ಎಷ್ಟು ಹೊತ್ತು ಜಿಗೀತು ಅನ್ನೋದು ಅದಕ್ಕೆ ಗೊತ್ತಿರುತ್ತೆ. ಯಾರು ಎಷ್ಟು ಕಾದ್ರು ಅಂತ ಪ್ರತಿಯೊಬ್ಬರ ಲೆಕ್ಕ ಇಡಬಹುದು. ಆದ್ರೆ ಇಡು ಅಂತ ನಾವು ಹೇಳ್ಬೇಕು. ಎಷ್ಟು ಟನ್ ಅದಿರು ಮೇಲೆ ಬಂತು ಅಂತ ಮಾತ್ರ ಕೇಳಿದ್ರೆ ಅದು ಟನ್ ಮಾತ್ರ ಹೇಳುತ್ತೆ. ನಾನು ಮೂರು ವರ್ಷ ಬರೆದ ಲೆಕ್ಕದ ಪುಸ್ತಕಗಳೂ ಹಾಗೇ. ಕಲಮೇ ಇಲ್ಲದ ಖರ್ಚನ್ನ ಎಲ್ಲಿ ಬರೆಯೋದು?

ಇದು ನ್ಯೂಗೋರ್ ಅವರಿಗೆ ಬೇಗ ಅರ್ಥ ಆಯ್ತು. ಸಿಮುಲಾದಿಂದ ಕೆಲಸದ ಜಾಗವನ್ನ ಹೇಗೆ ಬೇಕಾದ್ರೂ ಬದಲಾಯಿಸಬಹುದು, ಆದ್ರೆ ಪ್ರಶ್ನೆ ಕೇಳೋ ಅಧಿಕಾರ ಆಡಳಿತದವರ ಕೈಯಲ್ಲಿ ಮಾತ್ರ ಇದೆ ಅಂತ ಅವರಿಗೆ ಕಂಡಿತು. 1970ರ ದಶಕದ ಆರಂಭದಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೂತು ಕೆಲಸ ಮಾಡಿದ್ರು. ಕಾರ್ಮಿಕರೇ ಕಂಪ್ಯೂಟರ್ ವ್ಯವಸ್ಥೆ ಅರ್ಥ ಮಾಡ್ಕೊಂಡು ಪ್ರಶ್ನೆ ಕೇಳೋ ಹಾಗೆ ಆಗ್ಬೇಕು ಅನ್ನೋದು ಉದ್ದೇಶ. ಹೊಸ ಕಂಪ್ಯೂಟರ್ ವ್ಯವಸ್ಥೆ ತರುವಾಗ ಕಾರ್ಮಿಕರಿಗೆ ತಿಳಿಸಲೇಬೇಕು ಅನ್ನೋ ಒಪ್ಪಂದಗಳು ಆ ದೇಶದಲ್ಲಿ ಅಲ್ಲಿಂದ ಬೆಳೆದವು.

ಕೆಜಿಎಫ್ ಕಾರ್ಮಿಕರಿಗೆ ಈ ಅನುಮಾನ ಇನ್ನೂ ಮುಂಚೆ ಬಂದಿತ್ತು. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತಗೊಂಡು ದಾಖಲೆ ಮಾಡೋಕೆ ಹೊರಟಾಗ ಅವರು ಮುಷ್ಕರ ಹೂಡಿದ್ರು. ನಮ್ಮನ್ನ ಯಾಕೆ ಲೆಕ್ಕ ಮಾಡ್ತಿದ್ದೀರಿ, ಆ ಲೆಕ್ಕ ಯಾರ ಕೈಗೆ ಹೋಗುತ್ತೆ? ಡೇಟಾ ಅನ್ನೋ ಪದ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಎದ್ದ ಪ್ರಶ್ನೆ.

ಕೊನೆಯ ಬಾಣ

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ. ಅದೇ 2001ರ ಟ್ಯೂರಿಂಗ್ ಪ್ರಶಸ್ತಿ ಡಾಲ್ ಮತ್ತು ನ್ಯೂಗೋರ್ ಅವರದ್ದಾಯ್ತು. ಮರುವರ್ಷ ಇಬ್ಬರೂ ತೀರಿಕೊಂಡ್ರು.

"ಗಣಿ ಮುಚ್ಚಿತು" ಅನ್ನೋದನ್ನ ಒಂದು ವೃತ್ತ ಅಂತ ಬರೆದು ನೋಡಿ. ಬಾಣಗಳು ಎಲ್ಲೆಲ್ಲಿಗೆ ಹೋಗ್ತವೆ? ಸಂಬಳ ನಿಂತಿತು. ಕೆಲಸ ಹುಡುಕಿ ಮಕ್ಕಳು ಬೆಂಗಳೂರಿಗೆ ಹೊರಟ್ರು. ಬೆಳಗಿನ ಟ್ರೇನ್ ತುಂಬಿತು. ಬಂಗಾರಪೇಟೆಯಲ್ಲಿ ಹತ್ತೋನಿಗೆ ಸೀಟಿಲ್ಲ. ತಾತ ಕಂಡ ಕೇಜ್‌ನ ಸಾಲೇ ಜಾಗ ಬದಲಾಯಿಸಿ ಪ್ಲಾಟ್‌ಫಾರಂಗೆ ಬಂದಿದೆ. ಅದರಲ್ಲಿ ನಾನೂ ನಿಂತಿದ್ದೆ.

ಆ ಲೈಬ್ರರಿ ಹಾಕ್ಕೊಂಡು ನಾನೂ ಒಂದು ಚಿಕ್ಕ ಮಾದರಿ ಮಾಡಿದೆ. ಕೋಡಿಂಗ್ ಬರಲ್ಲ, ಗೆಳೆಯ ಹೇಳಿಕೊಟ್ಟ. ಮೊದಲು ಅದು ಕೊನೇಲಿ "ಎಷ್ಟು ಜನ ಊರು ಸೇರಿದ್ರು" ಅಂತ ಮಾತ್ರ ತೋರಿಸ್ತಿತ್ತು. ಈಗ ಮೊದಲ ಸಾಲಿನಲ್ಲೇ ಒಂದು ಸಂಖ್ಯೆ ಬರುತ್ತೆ: ಎಲ್ಲರೂ ಸೇರಿ ಒಟ್ಟು ಎಷ್ಟು ಗಂಟೆ ಕಾದ್ರು ಅಂತ. ಅದಕ್ಕೆ ಬೇಕಾದದ್ದು ಎರಡೇ ಸಾಲು ಕೋಡ್. ಪ್ರತಿಯೊಬ್ಬರೂ ಸಾಲಿಗೆ ಬಂದ ಟೈಮ್ ನೆನಪಿಟ್ಕೊ, ಹತ್ತಿದ ಟೈಮಿಂದ ಅದನ್ನ ಕಳೆದು ಕೂಡಿಸು.

ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಆ ಸಂಖ್ಯೆ ನೋಡಿ, "ಇದ್ರಲ್ಲಿ ನಾವು ಮೇಲೆ ನಿಂತು ಕಾದಿದ್ದೂ ಸೇರಿದ್ಯಾ?" ಅಂದ್ರು.

ಸೇರಿಲ್ಲ. ಸಾಲಲ್ಲಿ ನಿಂತವರನ್ನ ಲೆಕ್ಕ ಹಾಕಿದ್ದೆ, ಅವರಿಗಾಗಿ ಮನೇಲಿ ಕಾಯೋರನ್ನ ಹಾಕಿರಲಿಲ್ಲ. ಈಗ ಇನ್ನೊಂದು ವೃತ್ತ ಸೇರಿಸ್ತಿದ್ದೀನಿ.

ನಿಮ್ಮೂರಲ್ಲಿ ರೇಷನ್ ಅಂಗಡಿ ಇರಬಹುದು, ಆಸ್ಪತ್ರೆಯ ಚೀಟಿ ಕೌಂಟರ್ ಇರಬಹುದು, ಬಸ್ ಸ್ಟ್ಯಾಂಡ್ ಇರಬಹುದು. ಒಂದು ಹಾಳೆ ತಗೊಳ್ಳಿ, ವೃತ್ತ ಬರೀರಿ, ಬಾಣ ಎಳೀರಿ. ಯಾರನ್ನ ಬಿಟ್ಟಿದ್ದೀನಿ ಅಂತ ಮನೆಯಲ್ಲಿರೋ ಹಿರಿಯರೊಬ್ಬರನ್ನ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.